ಗಾಂಧೀಜಿಯ ತಟ್ಟೆಯಲ್ಲಿ ಐದೇ ಪದಾರ್ಥ

ನಮ್ಮ ಶಹಾಪುರದ ಕಡೆ ಯಾರ ಮನೆಗೆ ಹೋದ್ರೂ ಮೊದಲು ತಟ್ಟೆ ಬರುತ್ತೆ, ಮಾತು ಆಮೇಲೆ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಜೊತೆಗೆ ಗಟ್ಟಿ ಮೊಸರು. ಅಂಥ ಮನೆಯಲ್ಲಿ ಕೂತು, ನನಗೆ ಶೇಂಗಾ ಆಗಲ್ಲ, ಹಾಲು ಮೊಸರು ಹೊಟ್ಟೆಗೆ ಹಿಡಿಸಲ್ಲ ಅಂತ ಒಮ್ಮೆ ಹೇಳಿ ನೋಡಿ. ಸ್ವಲ್ಪ ತಿಂದ್ರೆ ಏನೂ ಆಗಲ್ಲ ಅನ್ನೋ ಉತ್ತರ ಗ್ಯಾರಂಟಿ. ಹೇಳೋದು ಪ್ರೀತಿಯಿಂದಲೇ. ಆದ್ರೆ ರಾತ್ರಿ ಹೊಟ್ಟೆ ಹಿಡಕೊಂಡು ಒದ್ದಾಡೋನು ತಿಂದವನೇ ಹೊರತು ಬಡಿಸಿದವರಲ್ಲ. ಹಾಸ್ಟೆಲ್ ಮೆಸ್ಸಿನಲ್ಲಿ ಇನ್ನೊಂದು ಕಥೆ. ಅಲ್ಲಿ ಇದರಲ್ಲಿ ಏನೇನು ಹಾಕಿದ್ದೀರಿ ಅಂತ ಕೇಳೋಕೇ ನಾಚಿಕೆ. ಹಿಂದೆ ಸಾಲು ನಿಂತಿರುತ್ತೆ, ಎಲ್ಲರೂ ನಮ್ಮನ್ನೇ ನೋಡ್ತಿರ್ತಾರೆ.

ಈ ನಾಚಿಕೆ, ಈ ಒತ್ತಾಯ, ಈ ಹೊಟ್ಟೆನೋವು ಎಲ್ಲವನ್ನೂ ಅರವತ್ತು ವರ್ಷ ಅನುಭವಿಸಿದವರೊಬ್ಬರ ಮುಖ ನಮ್ಮೆಲ್ಲರ ಜೇಬಿನ ನೋಟಿನ ಮೇಲಿದೆ. ಗಾಂಧೀಜಿಯ ಉಪ್ಪಿನ ಸತ್ಯಾಗ್ರಹ ನಮಗೆ ಗೊತ್ತು, ಉಪವಾಸಗಳೂ ಗೊತ್ತು. ಆದ್ರೆ ಉಪವಾಸ ಇಲ್ಲದ ದಿನ ಅವರು ಏನು ತಿಂತಿದ್ರು, ಯಾವುದು ಅವರಿಗೆ ಆಗ್ತಿರಲಿಲ್ಲ, ಒಂದು ಪಥ್ಯದ ಹಟ ಅವರ ಜೀವಕ್ಕೇ ಹೇಗೆ ಬಂತು ಅನ್ನೋದನ್ನ ಪಠ್ಯಪುಸ್ತಕ ಹೇಳಲ್ಲ.

ಮೋಹನದಾಸ ಹುಟ್ಟಿದ್ದು 1869ರ ಅಕ್ಟೋಬರ್ 2ರಂದು, ಪೋರಬಂದರಿನಲ್ಲಿ. ತಾಯಿ ಪುತಲೀಬಾಯಿ ವ್ರತಗಳ ಹೆಂಗಸು. ಒಂದು ಚಾತುರ್ಮಾಸದಲ್ಲಿ ಸೂರ್ಯನನ್ನು ನೋಡದೆ ಊಟ ಮಾಡೋದಿಲ್ಲ ಅಂತ ವ್ರತ ಹಿಡಿದಿದ್ದರು. ಮಳೆಗಾಲದ ಮೋಡದ ನಡುವೆ ಸೂರ್ಯ ಇಣುಕಿದ್ದನ್ನು ಕಂಡು ಮಕ್ಕಳು ಓಡಿಬಂದು ಹೇಳೋರು. ತಾಯಿ ಹೊರಗೆ ಬರೋ ಹೊತ್ತಿಗೆ ಅವನು ಮರೆಯಾಗಿರೋನು. ಆಕೆ ನಗುತ್ತಲೇ ಕೆಲಸಕ್ಕೆ ಮರಳುತ್ತಿದ್ದರು. ಊಟ ಬಿಡೋದನ್ನ ಮಗ ಮೊದಲು ನೋಡಿದ್ದು ಅಲ್ಲಿ.

ಹುಡುಗನೇನು ಹುಟ್ಟಾ ಸಂತನಲ್ಲ. ಮಾಂಸ ತಿಂದ್ರೆ ಇಂಗ್ಲಿಷರ ಹಾಗೆ ಗಟ್ಟಿಮುಟ್ಟಾಗಬಹುದು ಅನ್ನೋ ಗೆಳೆಯನ ಮಾತು ನಂಬಿ ಕದ್ದುಮುಚ್ಚಿ ಆಡಿನ ಮಾಂಸ ತಿಂದ. ಆ ರಾತ್ರಿ ಹೊಟ್ಟೆಯೊಳಗೆ ಜೀವಂತ ಆಡು ಅರಚುತ್ತಿದ್ದ ಹಾಗೆ ಅನಿಸಿ ನಿದ್ದೆಯೇ ಬರಲಿಲ್ಲ. ಆಮೇಲೂ ಕೆಲವು ಸಲ ತಿಂದ. ಕೊನೆಗೆ ಬಿಟ್ಟಿದ್ದು ತಂದೆತಾಯಿಗೆ ಸುಳ್ಳು ಹೇಳೋದು ತಡೆಯಲಾಗದೆ. ಈ ಆಡು ಮುಂದೆ ಅವರ ಬದುಕಿಗೆ ಮತ್ತೆ ಬರುತ್ತೆ, ಬೇರೆ ರೂಪದಲ್ಲಿ.

1888ರ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತು ತುಂಬುವ ಮೊದಲೇ ಲಂಡನ್ನಿಗೆ ಹೊರಟರು. ಮಾಂಸ ಮುಟ್ಟೋದಿಲ್ಲ ಅಂತ ತಾಯಿಗೆ ಮಾತು ಕೊಟ್ಟಿದ್ದರು. ಹಡಗಿನಲ್ಲೇ ಕಷ್ಟ ಶುರು. ಯಾವ ಪದಾರ್ಥದಲ್ಲಿ ಮಾಂಸ ಇದೆ, ಯಾವುದರಲ್ಲಿ ಇಲ್ಲ ಅಂತ ಕೇಳೋಕೆ ನಾಚಿಕೆ, ಇಂಗ್ಲಿಷಿನಲ್ಲಿ ಮಾತಾಡೋಕೆ ಭಯ. ಹೀಗಾಗಿ ಊಟದ ಮೇಜಿಗೇ ಹೋಗದೆ, ಮನೆಯಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ ಹಣ್ಣಿನ ಮೇಲೆ ಹೆಚ್ಚಾಗಿ ದಿನ ತಳ್ಳಿದರು. ಮೆಸ್ಸಿಗೆ ಹೋಗೋದು ಬಿಟ್ಟು ರೂಮಿನಲ್ಲಿ ಮನೆ ಡಬ್ಬಿ ಬಿಚ್ಚೋ ನಮ್ಮ ಮೊದಲ ಸೆಮಿಸ್ಟರಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ!

ಲಂಡನ್ನಿನಲ್ಲಿ ಬೇಯಿಸಿದ ಸೊಪ್ಪು, ಬ್ರೆಡ್ಡು, ಜಾಮ್. ಇನ್ನೊಂದು ತುಂಡು ಬ್ರೆಡ್ ಕೇಳೋಕೂ ಸಂಕೋಚ. ಗೆಳೆಯರು ಈ ಹಟ ಬಿಡು ಅಂತ ವಾದ ಮಾಡೋರು. ಹಸಿದ ಹೊಟ್ಟೆಯಲ್ಲಿ ಬೀದಿ ಬೀದಿ ಅಲೆದು ಒಂದು ದಿನ ಫ್ಯಾರಿಂಗ್‌ಡನ್ ಸ್ಟ್ರೀಟಿನಲ್ಲಿ ಸಸ್ಯಾಹಾರದ ಹೋಟೆಲ್ ಕಂಡರು. ಇಂಗ್ಲೆಂಡಿಗೆ ಬಂದ ಮೇಲೆ ಅವತ್ತೇ ಮೊದಲು ಹೊಟ್ಟೆ ತುಂಬಾ ಉಂಡಿದ್ದು. ಅಲ್ಲೇ ಹೆನ್ರಿ ಸಾಲ್ಟ್ ಸಸ್ಯಾಹಾರದ ಬಗ್ಗೆ ಬರೆದ ಪುಸ್ತಕ ಕೊಂಡು ಓದಿದರು. ಅಲ್ಲಿಯವರೆಗೆ ತಾಯಿಯ ಮಾತಿಗಾಗಿ ಪಾಲಿಸಿದ ಪಥ್ಯ ಅಂದಿನಿಂದ ಅವರದೇ ಆಯ್ಕೆಯಾಯಿತು. ಮುಂದೆ ಲಂಡನ್ನಿನ ಸಸ್ಯಾಹಾರಿ ಸಂಘದ ಕಾರ್ಯಕಾರಿ ಸಮಿತಿಗೂ ಸೇರಿದರು.

ನಾಚಿಕೆ ಬಿಡಿಸಿದ್ದು ಮೊಟ್ಟೆ. ಮೊಟ್ಟೆ ಮಾಂಸವಲ್ಲ ಅನ್ನೋ ವಾದ ಒಪ್ಪಿ ಸ್ವಲ್ಪ ದಿನ ತಿಂದರು. ಆಮೇಲೆ ಯೋಚನೆ ಬಂತು. ಮಾತು ಕೊಟ್ಟಿದ್ದು ತಾಯಿಗೆ, ತಾಯಿಯ ಲೆಕ್ಕದಲ್ಲಿ ಮೊಟ್ಟೆಯೂ ಮಾಂಸವೇ. ಬಿಟ್ಟರು. ಬಿಟ್ಟ ಮೇಲೆ ಗೊತ್ತಾಯಿತು, ಸಸ್ಯಾಹಾರದ ಹೋಟೆಲಿನ ಎಷ್ಟೋ ಪುಡಿಂಗು ಕೇಕುಗಳಲ್ಲೂ ಮೊಟ್ಟೆ ಇದೆ ಅಂತ. ಪ್ರತಿ ಸಲ ವಿಚಾರಿಸಲೇಬೇಕಾಯಿತು. ಹಡಗಿನಲ್ಲಿ ಬಾಯಿ ಬಿಡದ ಹುಡುಗ ಈಗ ಇದರಲ್ಲಿ ಏನೇನು ಹಾಕಿದ್ದೀರಿ ಅಂತ ನೇರ ಕೇಳೋದು ಕಲಿತ. ಪಥ್ಯ ಮಾಡೋರಿಗೆ ಇದು ಮೊದಲ ಪಾಠ.

ದಕ್ಷಿಣ ಆಫ್ರಿಕಾದಲ್ಲಿ ವಕೀಲಿ ಚೆನ್ನಾಗಿ ನಡೀತಿತ್ತು, ಹೊಟ್ಟೆ ಚೆನ್ನಾಗಿ ನಡೀತಿರಲಿಲ್ಲ. ಮಲಬದ್ಧತೆ, ಆಗಾಗ ತಲೆನೋವು. ಬೆಳಗಿನ ತಿಂಡಿ ಬಿಟ್ಟು ನೋಡಿದರು, ತಲೆನೋವು ಹೋಯಿತು. ಆಗ ಅವರಿಗೆ ಅನಿಸಿದ್ದು, ಇಷ್ಟು ದಿನ ಬೇಕಾದ್ದಕ್ಕಿಂತ ಹೆಚ್ಚು ತಿಂತಿದ್ದೆ ಅಂತ. ಹೀಗೆ ಒಂದೊಂದೇ ಬಿಟ್ಟು ದೇಹ ಏನು ಹೇಳುತ್ತೆ ನೋಡೋದು ಅಭ್ಯಾಸವಾಯಿತು.

ಆದ್ರೆ ಬೇರೆಯವರ ತಟ್ಟೆಗೆ ಕೈ ಹಾಕಿದಾಗ ಕಥೆ ಬೇರೆಯಾಯಿತು. ಕಸ್ತೂರಬಾ ರಕ್ತಸ್ರಾವದಿಂದ ಬಳಲುತ್ತಿದ್ದಾಗ ಉಪ್ಪು ಮತ್ತು ಬೇಳೆಕಾಳು ಬಿಡು ಅಂತ ಗಂಡ ಒತ್ತಾಯ ಮಾಡಿದರು. ಯಾರಾದರೂ ನಿಮಗೆ ಹೇಳಿದ್ರೆ ನೀವು ಬಿಡ್ತೀರಾ ಅನ್ನೋ ಅರ್ಥದ ಮಾತು ಹೆಂಡತಿಯಿಂದ ಬಂತು. ಗಾಂಧಿ ಅಲ್ಲೇ, ಒಂದು ವರ್ಷ ತಾನೂ ಎರಡನ್ನೂ ಬಿಟ್ಟೆ ಅಂದುಬಿಟ್ಟರು. ಕಸ್ತೂರಬಾ ಅತ್ತು, ತಾನು ಬಿಡ್ತೀನಿ, ನೀವು ಬಿಡಬೇಡಿ ಅಂತ ಬೇಡಿಕೊಂಡರೂ ಮಾತು ವಾಪಸ್ ತಗೊಳ್ಳಲಿಲ್ಲ. ಗಾಂಧಿಗೆ ಇದೊಂದು ಸಿಹಿ ನೆನಪು. ಇವತ್ತು ಓದೋ ನಮಗೆ ಕಸ್ತೂರಬಾ ಅವರ ಕಣ್ಣೀರೂ ಕಾಣುತ್ತೆ.

1912ರಲ್ಲಿ ಜೊಹಾನ್ಸ್‌ಬರ್ಗ್ ಹತ್ತಿರದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕ್ಯಾಲೆನ್‌ಬಾಕ್ ಜೊತೆ ಸೇರಿ ಹಾಲನ್ನೇ ಬಿಟ್ಟರು. ಹಾಲು ಇಂದ್ರಿಯಗಳನ್ನು ಕೆರಳಿಸುತ್ತೆ ಅನ್ನೋ ನಂಬಿಕೆ ಒಂದು ಕಾರಣ. ಕಲ್ಕತ್ತಾದಲ್ಲಿ ಹಸು ಎಮ್ಮೆಗಳಿಗೆ ಹಿಂಸೆ ಕೊಟ್ಟು ಹಾಲು ಹಿಂಡುತ್ತಾರೆ ಅಂತ ಓದಿದ್ದು ಇನ್ನೊಂದು. ಸ್ವಲ್ಪ ದಿನಕ್ಕೆ ಹಣ್ಣಿನ ಊಟಕ್ಕೇ ಇಳಿದರು. ಹಸಿ ಶೇಂಗಾ, ಬಾಳೆಹಣ್ಣು, ಖರ್ಜೂರ, ನಿಂಬೆ, ಆಲಿವ್ ಎಣ್ಣೆ.

1915ರಲ್ಲಿ ಭಾರತಕ್ಕೆ ಬಂದಾಗ ಹೋದಲ್ಲೆಲ್ಲ ಅತಿಥಿ ಸತ್ಕಾರ. ಇವರೊಬ್ಬರಿಗಾಗಿ ಹಣ್ಣು ಒಣಹಣ್ಣು ಹತ್ತಾರು ಬಗೆ ತಂದು ಇಡೋರು. ಸರಳ ಊಟದ ಮನುಷ್ಯನೇ ಮನೆಯವರಿಗೆ ಹೊರೆ! ಆ ವರ್ಷ ಹರಿದ್ವಾರದ ಕುಂಭಮೇಳದಲ್ಲಿ ಒಂದು ನಿಯಮ ಹಾಕಿಕೊಂಡರು. ದಿನಕ್ಕೆ ಐದು ಪದಾರ್ಥಕ್ಕಿಂತ ಹೆಚ್ಚಿಲ್ಲ, ಕತ್ತಲಾದ ಮೇಲೆ ಊಟ ಇಲ್ಲ. ಔಷಧಿಯೂ ಆ ಲೆಕ್ಕದೊಳಗೇ. ಬಡಿಸೋರಿಗೂ ಸ್ಪಷ್ಟ, ಉಣ್ಣೋರಿಗೂ ಸ್ಪಷ್ಟ.

ಮೂರು ವರ್ಷಕ್ಕೆ ಜೀವಕ್ಕೇ ಕುತ್ತು ಬಂತು. 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಸೈನ್ಯಕ್ಕೆ ಜನ ಸೇರಿಸುತ್ತಾ ತಿರುಗುತ್ತಿದ್ದರು. ಊಟ ಅಂದ್ರೆ ಹುರಿದ ಶೇಂಗಾ ಅರೆದು ಮಾಡಿದ ಬೆಣ್ಣೆ ಮತ್ತು ನಿಂಬೆ. ಅದು ಹೆಚ್ಚಾದ್ರೆ ಹೊಟ್ಟೆ ಕೆಡುತ್ತೆ ಅಂತ ಗೊತ್ತಿದ್ದೂ ತಿಂದರು. ಭೇದಿ ಶುರುವಾಯಿತು. ಒಂದು ಹೊತ್ತು ಊಟ ಬಿಟ್ಟು ತುಸು ಸುಧಾರಿಸಿತು. ಅಷ್ಟರಲ್ಲಿ ಹಬ್ಬ. ಕಸ್ತೂರಬಾ ಗೋಧಿಯ ಸಿಹಿ ಗಂಜಿ, ಹೆಸರುಕಾಳು ಮಾಡಿಟ್ಟಿದ್ದರು. ಸ್ವಲ್ಪ ತಿಂದ್ರೆ ಏನಾಗುತ್ತೆ ಅಂತ ಕೂತವರು ಹೊಟ್ಟೆ ತುಂಬಾ ಉಂಡರು. ಒಂದು ಗಂಟೆಯೊಳಗೆ ಭೇದಿ ಜೋರಾಯಿತು. ದಿನಕ್ಕೆ ಮೂವತ್ತು ನಲವತ್ತು ಸಲ. ತಿಂಗಳುಗಟ್ಟಲೆ ಹಾಸಿಗೆ. ಸಾವು ಬಂದೇಬಿಟ್ಟಿತು ಅಂತ ಒಂದು ರಾತ್ರಿ ಆಶ್ರಮದವರಿಗೆ ಕೊನೆಯ ಮಾತೂ ಹೇಳಿದ್ದರು. ನಲವತ್ತೊಂಬತ್ತು ವರ್ಷದ ಆ ಮನುಷ್ಯ ಅವತ್ತು ಹೋಗಿದ್ದರೆ ಅಸಹಕಾರವೂ ಇಲ್ಲ, ದಂಡಿಯೂ ಇಲ್ಲ.

ಮುಂಬೈಯಲ್ಲಿ ಡಾಕ್ಟರ್ ದಲಾಲ್ ನೋಡಿ, ಹಾಲು ಕುಡಿಯದೆ ಈ ದೇಹ ಮತ್ತೆ ಕಟ್ಟಿಕೊಳ್ಳೋದಿಲ್ಲ ಅಂದರು. ರೋಗಿ ಹಾಲಿಗೆ ಒಪ್ಪಲಿಲ್ಲ. ದಾರಿ ತೋರಿಸಿದ್ದು ಪಕ್ಕದಲ್ಲಿ ನಿಂತಿದ್ದ ಕಸ್ತೂರಬಾ. ಶಪಥ ಮಾಡುವಾಗ ಮನಸ್ಸಿನಲ್ಲಿ ಇದ್ದದ್ದು ಹಸು ಎಮ್ಮೆ ತಾನೇ, ಆಡಿನ ಹಾಲಿಗೆ ಏನು ಅಡ್ಡಿ ಅಂತ ಕೇಳಿದರು. ಡಾಕ್ಟರೂ ಸಾಕು ಅಂದರು. ಗಾಂಧೀಜಿ ಮಣಿದರು. ಬದುಕಿದರು. ಎದ್ದು ನಿಂತ ಮೇಲೆ 1919ರಲ್ಲಿ ರೌಲಟ್ ಕಾಯ್ದೆಯ ವಿರುದ್ಧ ಹೊರಟರು.

ಆದ್ರೆ ಈ ಗೆಲುವು ಅವರಿಗೆ ಸಿಹಿಯಾಗಿರಲಿಲ್ಲ. ಶಪಥದ ಅಕ್ಷರ ಉಳಿಯಿತು, ಆತ್ಮ ಹೋಯಿತು ಅಂತ ಕೊನೆಯವರೆಗೂ ಕೊರಗಿದರು. ನಿಯಮ ಮುರಿದದ್ದನ್ನು ಮುಚ್ಚಿಡದೆ ಆತ್ಮಕಥೆಯಲ್ಲೇ ಬರೆದರು. ಹಾಲು ಬಿಡಿ ಅಂತ ತಾನು ಮೊದಲು ಬರೆದದ್ದನ್ನು ನಂಬಿ ಯಾರೂ ಕುರುಡಾಗಿ ಹಾಲು ಬಿಡಬೇಡಿ ಅಂತ ಓದುಗರಿಗೆ ಎಚ್ಚರಿಕೆಯನ್ನೂ ಕೊಟ್ಟರು.

ಈ ಕಥೆಗೆ ನಮ್ಮ ಕರ್ನಾಟಕದ ಅಧ್ಯಾಯ ಬರೋದು 1927ರಲ್ಲಿ. ಮಾರ್ಚ್ ಕೊನೆಗೆ ಕೊಲ್ಹಾಪುರ, ನಿಪ್ಪಾಣಿ ಕಡೆಯ ಪ್ರವಾಸದಲ್ಲಿ ರಕ್ತದೊತ್ತಡ ಏರಿ ಕುಸಿದರು. ಡಾಕ್ಟರುಗಳು ವಿಶ್ರಾಂತಿ ಕಡ್ಡಾಯ ಮಾಡಿದರು. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನಂದಿಬೆಟ್ಟದಲ್ಲಿ ಇದ್ದು ಚೇತರಿಸಿಕೊಂಡರು, ಆಮೇಲೆ ಬೆಂಗಳೂರಿಗೆ ಇಳಿದರು. ಬೆಂಗಳೂರಿನಲ್ಲಿ ಏನು ಮಾಡಿದರು ಗೊತ್ತಾ? ಹಸುವಿನ ಹಾಲು ಮುಟ್ಟದ ಈ ಮನುಷ್ಯ ಹೊಸೂರು ರಸ್ತೆಯ ಇಂಪೀರಿಯಲ್ ಡೈರಿ ಸಂಸ್ಥೆಗೆ ವಿದ್ಯಾರ್ಥಿಯ ಹಾಗೆ ಹೋಗಿ ಹೈನುಗಾರಿಕೆ ಕಲಿತರು. ತನಗೆ ಬೇಡವಾದದ್ದು ದೇಶಕ್ಕೆ ಬೇಡ ಅಂತ ಅವರು ತಿಳಿಯಲಿಲ್ಲ. ಹಸುಗಳನ್ನು ಚೆನ್ನಾಗಿ ಸಾಕಿ ಜನಕ್ಕೆ ಒಳ್ಳೆಯ ಹಾಲು ಸಿಗಬೇಕು ಅನ್ನೋದು ಆಸೆ.

ಅಷ್ಟಾದ್ರೂ ಹಾಲಿಗೆ ಬದಲಿ ಹುಡುಕೋದು ನಿಲ್ಲಲಿಲ್ಲ. 1929ರಲ್ಲಿ ಒಲೆ ಹಚ್ಚದ ಊಟದ ಪ್ರಯೋಗ ನಡೆಸಿದರು. ಮೊಳಕೆ ಗೋಧಿ, ಬಾದಾಮಿ, ತೆಂಗಿನಕಾಯಿ, ಹಸಿ ಸೊಪ್ಪು. ಏನು ತಿಂದೆ, ತೂಕ ಎಷ್ಟು ಅನ್ನೋದನ್ನ ಪತ್ರಿಕೆಯಲ್ಲೇ ಪ್ರಕಟಿಸಿದರು. ಶಕ್ತಿ ಕುಂದಿತು, ಮತ್ತೆ ಭೇದಿ ಬಂತು, ಮತ್ತೆ ಆಡಿನ ಹಾಲು. ಪ್ರಯೋಗ ಫೇಲ್ ಆಯಿತು ಅಂತಲೂ ಅದೇ ಪತ್ರಿಕೆಯಲ್ಲಿ ಬರೆದರು. ಲ್ಯಾಬ್ ರೆಕಾರ್ಡಿನಲ್ಲಿ ರೀಡಿಂಗ್ ಅಡ್ಜಸ್ಟ್ ಮಾಡೋ ನಮಗೆ ಇದು ಸ್ವಲ್ಪ ನಾಟಬೇಕು.

ಯಾಕೆ ಫೇಲ್ ಆಗ್ತಿತ್ತು ಅನ್ನೋದರ ಒಂದು ಸುಳಿವು ಇವತ್ತು ನಮಗಿದೆ. ಬಿ12 ಅನ್ನೋ ವಿಟಮಿನ್ ಸಸ್ಯಗಳಿಂದ ಭರವಸೆಯಾಗಿ ಸಿಗೋದಿಲ್ಲ. ಮಾಂಸ ಮೊಟ್ಟೆ ತಿನ್ನದವರಿಗೆ ಹಾಲೇ ಅದರ ಮುಖ್ಯ ದಾರಿ. ಆ ವಿಟಮಿನ್ ಅನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ, ಅವರು ತೀರಿಕೊಂಡ ವರ್ಷ. ಅವರು ಅರ್ಧ ಜೀವನ ಹುಡುಕಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಅವರು ಹೋದ ವರ್ಷ ಸಿಕ್ಕಿತು.

1948ರ ಜನವರಿ 30ರ ಸಂಜೆ ದೆಹಲಿಯಲ್ಲಿ ಸರ್ದಾರ್ ಪಟೇಲರ ಜೊತೆ ಮಾತಾಡುತ್ತಾ ಕೊನೆಯ ಊಟ ಮಾಡಿದರು. ಆಡಿನ ಹಾಲು, ತರಕಾರಿ, ಕಿತ್ತಳೆ, ಶುಂಠಿ ನಿಂಬೆಯ ಕಷಾಯ. ಕತ್ತಲಾಗುವ ಮೊದಲೇ. ನಿಯಮ ಕೊನೆಯ ದಿನವೂ ತಪ್ಪಲಿಲ್ಲ. ಊಟ ಮುಗಿಸಿ ಪ್ರಾರ್ಥನೆಗೆ ಹೊರಟವರು ಮರಳಲಿಲ್ಲ.

ಒಂದು ಮಾತು ಸ್ಪಷ್ಟ ಇರಲಿ. ಗಾಂಧೀಜಿಯದು ಅಲರ್ಜಿ ಅಲ್ಲ. ವ್ರತ ಮತ್ತು ಬೇಗ ಕೆಡುವ ಹೊಟ್ಟೆ, ಇವೆರಡೂ ಸೇರಿದ ಕಥೆ ಅದು. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇದ್ದವರಿಗೆ ಸಾಮಾನ್ಯವಾಗಿ ಆಡಿನ ಹಾಲೂ ಆಗೋದಿಲ್ಲ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಅದರಲ್ಲೂ ಲ್ಯಾಕ್ಟೋಸ್ ಇದೆ. ಶೇಂಗಾ ಅಲರ್ಜಿ ಇದ್ದವರಿಗೆ ಒಂದು ಚೂರೂ ಪ್ರಾಣಕ್ಕೆ ಬರಬಹುದು. ಅವರಿಗೆ ಬೇಕಾದ್ದು ಡಾಕ್ಟರ್, ಗಾಂಧೀಜಿಯ ಮೆನು ಅಲ್ಲ.

ಅವರಿಂದ ಕಲಿಯೋದು ಬೇರೆ ಇದೆ. ತಟ್ಟೆಯಲ್ಲಿ ಏನಿದೆ ಅಂತ ನಾಚಿಕೆ ಬಿಟ್ಟು ಕೇಳೋದು. ಏನು ತಿಂದಾಗ ಏನಾಯಿತು ಅಂತ ಬರೆದಿಡೋದು. ನಿಯಮ ಚಿಕ್ಕದಾಗಿ, ಬಡಿಸೋರಿಗೆ ಅರ್ಥವಾಗೋ ಹಾಗೆ ಇಟ್ಟುಕೊಳ್ಳೋದು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಹಟ ನಮ್ಮನ್ನೇ ಕೊಲ್ಲೋ ಹೊತ್ತಿಗೆ ಪಕ್ಕದಲ್ಲಿ ನಿಂತವರ ಮಾತು ಕೇಳೋದು. ಕಸ್ತೂರಬಾ ಅವತ್ತು ಬಾಯಿ ಬಿಡದೆ ಇದ್ದಿದ್ದರೆ ಉಳಿದ ಕಥೆಯೇ ಇರ್ತಿರಲಿಲ್ಲ.

ಮುಂದಿನ ಸಲ ಮೆಸ್ಸಿನ ಸಾಲಿನಲ್ಲಿ ನಿಮ್ಮ ಮುಂದಿನವನು ಇದರಲ್ಲಿ ಶೇಂಗಾ ಇದೆಯಾ ಅಣ್ಣಾ ಅಂತ ಕೇಳಿದ್ರೆ ನಗಬೇಡಿ. ಅರ್ಧ ನಿಮಿಷ ಕಾಯಿರಿ, ಅಷ್ಟೇ.