ಲೂಯಿ ಆರ್ಮ್‌ಸ್ಟ್ರಾಂಗ್ ಅವರ ತುಟಿಗಳು

ಮದುವೆ ಮೆರವಣಿಗೆಯಲ್ಲಿ ಬ್ಯಾಂಡ್‌ಸೆಟ್‌ನವರು ಟ್ರಂಪೆಟ್ ಊದುವುದನ್ನು ನಾವೆಲ್ಲ ನೋಡಿದ್ದೇವೆ. ಕೆನ್ನೆ ಉಬ್ಬಿಸಿ ಜೋರಾಗಿ ಊದಿದರೆ ಸಾಕು, ಹಾಡು ಬರುತ್ತದೆ ಎಂದೇ ನಾನು ತಿಳಿದಿದ್ದೆ. ಆದರೆ ಟ್ರಂಪೆಟ್‌ನಲ್ಲಿ ಇರುವುದು ಮೂರೇ ವಾಲ್ವ್. ಯಾವ ವಾಲ್ವನ್ನೂ ಒತ್ತದೆ ಐದಾರು ಬೇರೆ ಬೇರೆ ಸ್ವರ ನುಡಿಸಬಹುದು. ಯಾವ ಸ್ವರ ಬರಬೇಕೆಂದು ತೀರ್ಮಾನಿಸುವುದು ತುಟಿ. ಬಾಯಿಯ ಎರಡು ಮೂಲೆಗಳು ಬಿಗಿಯಾಗಿರಬೇಕು, ನಡುವಿನ ಭಾಗ ಮಾತ್ರ ಗಾಳಿಗೆ ಕಂಪಿಸಬೇಕು. ಈ ಹಿಡಿತಕ್ಕೆ ವಾದಕರು ಎಂಬೂಶರ್ ಎನ್ನುತ್ತಾರೆ. ಜಗತ್ತಿನ ಅತಿ ಪ್ರಸಿದ್ಧ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಜೀವನವನ್ನು ಅವರ ತುಟಿಯ ಕಥೆಯಾಗಿಯೂ ಹೇಳಬಹುದು.

ಅವರು ಹುಟ್ಟಿದ್ದು 1901ರ ಆಗಸ್ಟ್ 4ರಂದು, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ತಂದೆ ಮನೆ ಬಿಟ್ಟು ಹೋಗಿದ್ದರು. ತಾಯಿ ಕಷ್ಟಪಟ್ಟು ಸಾಕಿದರು. ಕಪ್ಪು ಜನರ ಬಡ ಬೀದಿ ಅದು. ಹುಡುಗ ಲೂಯಿ ಕಾರ್ನಾಫ್‌ಸ್ಕಿ ಎಂಬ ಯಹೂದಿ ಕುಟುಂಬದ ಬಂಡಿಯಲ್ಲಿ ಕಲ್ಲಿದ್ದಲು ಮಾರಲು ಹೋಗುತ್ತಿದ್ದ. ಗಿರಾಕಿಗಳನ್ನು ಕರೆಯಲು ಬಂಡಿಯ ಮೇಲೆ ಕುಳಿತು ತಗಡಿನ ಪೀಪಿ ಊದುತ್ತಿದ್ದ. ಆ ಕುಟುಂಬದವರೇ ಅವನಿಗೆ ಹಣದ ಸಹಾಯ ಮಾಡಿ, ಹಳೆಯ ಕಾರ್ನೆಟ್ ಒಂದನ್ನು ಕೊಳ್ಳುವಂತೆ ಮಾಡಿದರು. ಕಾರ್ನೆಟ್ ಎಂದರೆ ಟ್ರಂಪೆಟ್‌ನ ಗಿಡ್ಡ ತಮ್ಮ ಎನ್ನಬಹುದು.

1912ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಗದ್ದಲದಲ್ಲಿ ಲೂಯಿ ಪಿಸ್ತೂಲಿನಿಂದ ಗಾಳಿಯಲ್ಲಿ ಗುಂಡು ಹಾರಿಸಿದ. ಪೊಲೀಸರು ಹಿಡಿದರು. ಹನ್ನೊಂದು ವರ್ಷದ ಹುಡುಗನನ್ನು ಕಪ್ಪು ಮಕ್ಕಳ ಸುಧಾರಣಾ ಗೃಹಕ್ಕೆ ಕಳಿಸಿದರು. ಅಲ್ಲಿ ಪೀಟರ್ ಡೇವಿಸ್ ಎಂಬ ಶಿಕ್ಷಕರಿದ್ದರು. ಅವರು ಮೊದಲೇ ಕಾರ್ನೆಟ್ ಕೈಗೆ ಕೊಡಲಿಲ್ಲ. ಮೊದಲು ಟ್ಯಾಂಬೊರಿನ್ ಬಡಿಸಿದರು, ಆಮೇಲೆ ಬೇರೆ ವಾದ್ಯಗಳು, ಬ್ಯೂಗಲ್, ಕೊನೆಗೆ ಕಾರ್ನೆಟ್. ಬ್ಯೂಗಲ್‌ಗೆ ವಾಲ್ವೇ ಇಲ್ಲ, ಎಲ್ಲ ಸ್ವರವನ್ನೂ ತುಟಿಯಿಂದಲೇ ತೆಗೆಯಬೇಕು. ಬೆಳಿಗ್ಗೆ ಏಳಿಸಲು, ಊಟಕ್ಕೆ ಕರೆಯಲು ಲೂಯಿ ಬ್ಯೂಗಲ್ ಊದುತ್ತಿದ್ದ. ನನ್ನ ಪ್ರಕಾರ ಅದೇ ಅವನ ನಿಜವಾದ ಅಭ್ಯಾಸ. ಆದರೆ ಮೌತ್‌ಪೀಸನ್ನು ತುಟಿಯ ಮೇಲೆ ಎಷ್ಟು ಒತ್ತಬೇಕು ಎಂಬ ಎಚ್ಚರ ಮಾತ್ರ ಅವನಿಗೆ ಬರಲಿಲ್ಲ. ಅದರ ಬೆಲೆಯನ್ನು ಇಪ್ಪತ್ತು ವರ್ಷಗಳ ನಂತರ ಕೊಡಬೇಕಾಯಿತು.

ಹೊರಗೆ ಬಂದ ಮೇಲೆ ಹಿರಿಯ ವಾದಕ ಜೋ 'ಕಿಂಗ್' ಆಲಿವರ್ ಅವರು ಗುರುವಾದರು. ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ ನುಡಿಸಿ, 1922ರಲ್ಲಿ ಆಲಿವರ್ ಕರೆದಾಗ ಆರ್ಮ್‌ಸ್ಟ್ರಾಂಗ್ ಶಿಕಾಗೋಗೆ ಹೋದರು. 1928ರಲ್ಲಿ ಧ್ವನಿಮುದ್ರಿಸಿದ ವೆಸ್ಟ್ ಎಂಡ್ ಬ್ಲೂಸ್ ಕೇಳಿ ನೋಡಿ. ಆರಂಭದಲ್ಲಿ ಬೇರೆ ಯಾವ ವಾದ್ಯವೂ ಇಲ್ಲ, ಅವರ ಟ್ರಂಪೆಟ್ ಒಂದೇ. ಕೊನೆಯ ಕಡೆ ಒಂದೇ ಎತ್ತರದ ಸ್ವರವನ್ನು ಅಲುಗಾಡದಂತೆ ಬಹಳ ಹೊತ್ತು ಹಿಡಿದು ನಿಲ್ಲಿಸುತ್ತಾರೆ. ವೇಗವಾಗಿ ನುಡಿಸುವುದಕ್ಕಿಂತ ಇದು ಕಷ್ಟ, ಏಕೆಂದರೆ ತುಟಿ ಸ್ವಲ್ಪ ದಣಿದರೂ ಸ್ವರ ಜಾರುತ್ತದೆ.

ಹೆಸರು ಬಂದಂತೆ ಜನರ ಆಸೆಯೂ ಹೆಚ್ಚಿತು. ಎತ್ತರದ ಸ್ವರಗಳನ್ನು ಒಂದರ ಹಿಂದೆ ಒಂದು ನೂರಾರು ಸಲ ನುಡಿಸಿ, ಕೊನೆಗೆ ಇನ್ನೂ ಮೇಲಕ್ಕೆ ಏರಿ ನಿಲ್ಲುವುದು ಅವರ ಕಾರ್ಯಕ್ರಮದ ಆಕರ್ಷಣೆಯಾಯಿತು. ರಾತ್ರಿ ರಾತ್ರಿ ಹೊಸ ಊರು, ವಿಶ್ರಾಂತಿ ಇಲ್ಲ. ತುಟಿಯ ಸುತ್ತ ಉಂಗುರದಂತಹ ಒಂದು ಸ್ನಾಯು ಇದೆ. ದಣಿದಾಗ ಗಾಳಿಯ ಬಲದಿಂದ ನುಡಿಸುವ ಬದಲು ಲೋಹವನ್ನು ತುಟಿಗೆ ಒತ್ತಿದರೆ ಎತ್ತರದ ಸ್ವರ ಸುಲಭವಾಗಿ ಬರುತ್ತದೆ. ಆದರೆ ಅಲ್ಲಿ ರಕ್ತ ಓಡುವುದು ನಿಲ್ಲುತ್ತದೆ, ಸ್ನಾಯು ಇನ್ನೂ ಬೇಗ ದಣಿಯುತ್ತದೆ, ಆಗ ಮತ್ತಷ್ಟು ಒತ್ತಬೇಕಾಗುತ್ತದೆ. ಸಾಲ ತೀರಿಸಲು ಮತ್ತೆ ಸಾಲ ಮಾಡಿದ ಹಾಗೆ. ನಾವು ಅಕೌಂಟೆನ್ಸಿಯಲ್ಲಿ ಯಂತ್ರಕ್ಕೆ ವರ್ಷ ವರ್ಷ ಸವಕಳಿ ಬರೆಯುತ್ತೇವೆ. ಆ ತುಟಿಗೆ ಯಾರೂ ಬರೆಯಲಿಲ್ಲ.

1933ರಲ್ಲಿ ಲಂಡನ್‌ನ ವೇದಿಕೆಯ ಮೇಲೆ ಅವರ ತುಟಿ ಒಡೆದು ರಕ್ತ ಸುರಿಯಿತು. ಮರುವರ್ಷ ಪ್ಯಾರಿಸ್‌ನಲ್ಲಿ ತಿಂಗಳುಗಟ್ಟಲೆ ವಿಶ್ರಾಂತಿ ತೆಗೆದುಕೊಂಡರು. 1935ರ ಆರಂಭದಲ್ಲಿ ಅಮೆರಿಕಕ್ಕೆ ಮರಳಿದಾಗ ವೈದ್ಯರು ಮತ್ತೆ ತಿಂಗಳುಗಳ ಕಾಲ ಟ್ರಂಪೆಟ್ ಮುಟ್ಟಬಾರದೆಂದರು. ಆಗ ಅವರಿಗೆ 33 ವರ್ಷ, ಕೈಯಲ್ಲಿ ಹಣವಿಲ್ಲ, ಆರ್ಮ್‌ಸ್ಟ್ರಾಂಗ್ ಕಥೆ ಮುಗಿಯಿತು ಎಂದು ಮಾತಾಡುವವರೂ ಇದ್ದರು.

ಅವರು ಆ ವರ್ಷವೇ ವಾಪಸು ಬಂದರು. ಆದರೆ ನುಡಿಸುವ ರೀತಿ ನಿಧಾನವಾಗಿ ಬದಲಾಯಿತು. ಸ್ವರಗಳು ಕಡಿಮೆಯಾದವು, ಒಂದೊಂದು ಸ್ವರವೂ ಸರಿಯಾದ ಜಾಗದಲ್ಲಿ ಬೀಳತೊಡಗಿತು. ಎತ್ತರದ ಸ್ವರವನ್ನು ಹಾಡಿನ ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ಮೊದಲಿಂದಲೂ ಹಾಡುತ್ತಿದ್ದವರು ಈಗ ಹಾಡಿಗೆ ಹೆಚ್ಚು ಜಾಗ ಕೊಟ್ಟರು. ಹಾಡುವಾಗ ತುಟಿಗೆ ವಿಶ್ರಾಂತಿ ಸಿಗುತ್ತದಲ್ಲ! ಜರ್ಮನಿಯ ವಾದಕರೊಬ್ಬರು ತಯಾರಿಸಿದ ಮುಲಾಮನ್ನು ಪ್ರತಿದಿನ ಹಚ್ಚುತ್ತಿದ್ದರು. ಅದು ಅವರದೇ ಹೆಸರಿನಲ್ಲಿ ಮಾರಾಟವಾಯಿತು. ಅವರ ಮೇಲ್ದುಟಿಯ ಗಾಯದ ಗುರುತು ಫೋಟೋಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅವರ ಅಡ್ಡಹೆಸರು ಸ್ಯಾಚ್‌ಮೋ, ಅಂದರೆ ಚೀಲದಂಥ ಬಾಯಿಯವನು. 1982ರಲ್ಲಿ ಒಬ್ಬ ವೈದ್ಯರು ಟ್ರಂಪೆಟ್ ವಾದಕರ ತುಟಿಯ ಸ್ನಾಯು ಹರಿಯುವ ತೊಂದರೆಗೆ ಸ್ಯಾಚ್‌ಮೋ ಸಿಂಡ್ರೋಮ್ ಎಂದೇ ಹೆಸರಿಟ್ಟರು.

1957ರಲ್ಲಿ ಲಿಟಲ್ ರಾಕ್ ಊರಿನ ಶಾಲೆಗೆ ಕಪ್ಪು ಮಕ್ಕಳು ಹೋಗದಂತೆ ತಡೆದಾಗ ಅವರು ತಮ್ಮ ಸರ್ಕಾರವನ್ನೇ ಬಹಿರಂಗವಾಗಿ ಟೀಕಿಸಿ, ಸರ್ಕಾರದ ಪರವಾಗಿ ಸೋವಿಯತ್ ದೇಶಕ್ಕೆ ಹೋಗುವುದಿಲ್ಲವೆಂದರು. ಅದೊಂದೇ ವಿಷಯಕ್ಕೆ ಬೇರೆ ಲೇಖನ ಬೇಕು. 1964ರಲ್ಲಿ, 62ನೇ ವಯಸ್ಸಿನಲ್ಲಿ, ಅವರ ಹಲೋ ಡಾಲಿ ಹಾಡು ಬೀಟಲ್ಸ್ ಹಾಡನ್ನು ಹಿಂದೆ ಹಾಕಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

1968ರ ನಂತರ ಹೃದಯದ ಮತ್ತು ಮೂತ್ರಪಿಂಡದ ಕಾಯಿಲೆಯಿಂದ ಆಸ್ಪತ್ರೆ ಸೇರಿದರು. ವೈದ್ಯರು ಟ್ರಂಪೆಟ್ ಬೇಡವೆಂದರು. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದ ತಮ್ಮ ಮನೆಯಲ್ಲಿ ಮತ್ತೆ ಅಭ್ಯಾಸ ಶುರುಮಾಡಿದರು. 1971ರ ಮಾರ್ಚ್‌ನಲ್ಲಿ ವೈದ್ಯರ ಮಾತು ಮೀರಿ ಅದೇ ನಗರದ ಒಂದು ಹೋಟೆಲ್‌ನಲ್ಲಿ ಎರಡು ವಾರ ಕಾರ್ಯಕ್ರಮ ಕೊಟ್ಟರು. ಆ ವರ್ಷ ಜುಲೈ 6ರಂದು ನಿದ್ರೆಯಲ್ಲೇ ತೀರಿಕೊಂಡರು. ಆ ಮನೆ ಈಗ ಮ್ಯೂಸಿಯಂ ಆಗಿದೆ.