ಸಾಲಾರ್ ಜಂಗರ ದೇವಡಿ

ಹೈದರಾಬಾದಿಗೆ ಹೋದ ನಮ್ಮ ಸೀಮೆಯ ಜನರು ಸಾಲಾರ್ ಜಂಗ್ ವಸ್ತುಸಂಗ್ರಹಾಲಯವನ್ನು ನೋಡದೆ ಮರಳುವುದು ವಿರಳ. ಅದನ್ನು ಕೂಡಿಸಿದ ಮಹನೀಯರಿಗೂ ನಮ್ಮ ನೆಲಕ್ಕೂ ಇದ್ದ ನಂಟನ್ನು ಬಲ್ಲವರು ಮಾತ್ರ ಕೆಲವರೇ.

ಮೂರನೆಯ ಸಾಲಾರ್ ಜಂಗರಾದ ಮೀರ್ ಯೂಸುಫ್ ಅಲಿ ಖಾನರು 1889ರ ಜೂನ್ 13ರಂದು ಪುಣೆಯಲ್ಲಿ ಜನಿಸಿದರು. ಕೂಸಿಗೆ ತಿಂಗಳು ತುಂಬುವ ಮೊದಲೇ ತಂದೆ ತೀರಿಕೊಂಡರು. 1912ರಲ್ಲಿ ನಿಜಾಮ ಸಂಸ್ಥಾನದ ದಿವಾನಗಿರಿ ಅವರಿಗೆ ಒದಗಿತು. 1914ರಲ್ಲಿ ಅದನ್ನು ಬಿಟ್ಟರು. ಅಲ್ಲಿಂದ ಮುಂದೆ ಕಲಾವಸ್ತುಗಳ ಸಂಗ್ರಹವೇ ಅವರ ಬಾಳಾಯಿತು. ಅಜ್ಜ 1876ರಲ್ಲಿ ರೋಮಿನಲ್ಲಿ ಕೊಂಡಿದ್ದ, ಮುಸುಕು ಹೊದ್ದ ರೆಬೆಕ್ಕಳ ಅಮೃತಶಿಲೆಯ ಪ್ರತಿಮೆಯ ಜೊತೆಗೆ ದಂತದ ಕೆತ್ತನೆ, ಪಿಂಗಾಣಿ, ಹಸ್ತಪ್ರತಿಗಳು ಅವರ ದಿವಾನ್ ದೇವಡಿಯನ್ನು ತುಂಬಿದವು.

ಈ ಮನೆತನದ ಸಂಪತ್ತಿಗೆ ಆಧಾರ ಜಾಗೀರಿನ ಹುಟ್ಟುವಳಿ. ನಾರಾಯಣಪೇಟೆಯ ನೆರೆಯ ಕೋಸಗಿಯೂ ಕನ್ನಡನಾಡಿನ ಕೊಪ್ಪಳ, ಯಲಬುರ್ಗಾಗಳೂ ಆ ಜಾಗೀರಿಗೆ ಸೇರಿದ್ದವು. ಇಲ್ಲಿಯ ಒಕ್ಕಲಿಗನು ತೆತ್ತ ಕಂದಾಯದ ಪಾಲು ಅಲ್ಲಿ ಅಂದವಾಗಿ ಅರಳಿತು. ಆ ಅಂದವನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ.

ಅವಿವಾಹಿತರಾಗಿಯೇ ಖಾನರು 1949ರ ಮಾರ್ಚ್ 2ರಂದು ನಿಧನರಾದರು. ಸಂತಾನವಿಲ್ಲದ ಮನೆಯ ಸೊತ್ತು ಚದುರಿಹೋಗುವುದು ಲೋಕರೂಢಿ. ಇಲ್ಲಿ ಹಾಗಾಗಲಿಲ್ಲ. 1951ರ ಡಿಸೆಂಬರ್ 16ರಂದು ಪ್ರಧಾನಿ ನೆಹರೂರವರು ಅದೇ ದೇವಡಿಯಲ್ಲಿ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. 1961ರಲ್ಲಿ ಸಂಸತ್ತು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಸಂಗ್ರಹವು ಮೂಸಿ ದಂಡೆಯ ಹೊಸ ಕಟ್ಟಡವನ್ನು ಸೇರಿತು.

ಖಾನರ ಅಭಿರುಚಿಗೆ ನಾವು ಕೃತಜ್ಞರು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ನಮ್ಮ ಹಿರಿಯರ ಬೆವರನ್ನೂ ನೆನೆಯೋಣ. ಆ ಸಿರಿಯಲ್ಲಿ ನಮ್ಮ ಹೊಲಗಳ ಪಾಲೂ ಇದೆ.