ಹ್ಯಾಸ್ಕೆಲ್ ಕರ್ರಿ

ಹ್ಯಾಸ್ಕೆಲ್ ಬ್ರೂಕ್ಸ್ ಕರ್ರಿ (ಸೆಪ್ಟೆಂಬರ್ ೧೨, ೧೯೦೦ – ಸೆಪ್ಟೆಂಬರ್ ೧, ೧೯೮೨) ಅಮೆರಿಕದ ಗಣಿತಜ್ಞರು ಹಾಗೂ ತರ್ಕಶಾಸ್ತ್ರಜ್ಞರು. ಸಂಯೋಜಕ ತರ್ಕವನ್ನು ಬೆಳೆಸಿದವರಲ್ಲಿ ಪ್ರಮುಖರು. ಪ್ರೋಗ್ರಾಮಿನಲ್ಲಿ ನಮೂದಿಸದೆ ಬಿಟ್ಟ ಟೈಪುಗಳನ್ನು, ಅಂದರೆ ದತ್ತಾಂಶದ ಬಗೆಗಳನ್ನು, ಗಣಕವೇ ಕಂಡುಕೊಳ್ಳುವ ವಿಧಾನಕ್ಕೆ ಇವರ ಚಿಂತನೆ ತಳಹದಿಯಾಯಿತು.

ಜನನ ಮತ್ತು ವಿದ್ಯಾಭ್ಯಾಸ

ಕರ್ರಿಯವರು ಮ್ಯಾಸಚೂಸೆಟ್ಸ್ ರಾಜ್ಯದ ಮಿಲಿಸ್‌ನಲ್ಲಿ ಜನಿಸಿದರು. ತಂದೆ ಸ್ಯಾಮ್ಯುಯೆಲ್ ಸೈಲಸ್ ಕರ್ರಿ, ತಾಯಿ ಅನ್ನಾ ಬ್ಯಾರೈಟ್; ಇವರು ಬಾಸ್ಟನ್‌ನಲ್ಲಿ ವಾಕ್ಕಲೆಯ ಶಾಲೆಯನ್ನು ನಡೆಸುತ್ತಿದ್ದರು. ೧೯೧೬ರಲ್ಲಿ ವೈದ್ಯರಾಗುವ ಉದ್ದೇಶದಿಂದ ಹಾರ್ವರ್ಡ್ ಸೇರಿದ ಕರ್ರಿ, ಗಣಿತದತ್ತ ಹೊರಳಿ ೧೯೨೦ರಲ್ಲಿ ಪದವಿ ಪಡೆದರು. ಅನಂತರ ವಿದ್ಯುತ್ ಎಂಜಿನಿಯರಿಂಗ್ ಮತ್ತು ಭೌತಶಾಸ್ತ್ರವನ್ನೂ ಅಭ್ಯಸಿಸಿದರು.

ತಾವು ಸ್ವತಂತ್ರವಾಗಿ ರೂಪಿಸುತ್ತಿದ್ದ ಸಂಯೋಜಕಗಳನ್ನು ಮೋಸೆಸ್ ಶೋನ್‌ಫಿಂಕೆಲ್ ೧೯೨೪ರಲ್ಲೇ ಪ್ರಕಟಿಸಿದ್ದರೆಂಬುದು ೧೯೨೭ರಲ್ಲಿ ಪ್ರಿನ್ಸ್‌ಟನ್‌ನಲ್ಲಿದ್ದಾಗ ಅವರಿಗೆ ತಿಳಿಯಿತು. ಆದರೂ ಆ ವಿಷಯವನ್ನು ಕೈಬಿಡದೆ ಜರ್ಮನಿಯ ಗಟಿಂಗೆನ್‌ಗೆ ತೆರಳಿ, ಡೇವಿಡ್ ಹಿಲ್ಬರ್ಟ್ ಅವರ ಮಾರ್ಗದರ್ಶನದಲ್ಲಿ ೧೯೩೦ರಲ್ಲಿ ಡಾಕ್ಟರೇಟ್ ಪಡೆದರು.

ವೃತ್ತಿಜೀವನ

೧೯೨೯ರಿಂದ ೧೯೬೬ರವರೆಗೆ ಪೆನ್ಸಿಲ್ವೇನಿಯ ಸ್ಟೇಟ್ ಕಾಲೇಜಿನಲ್ಲಿ (ಮುಂದೆ ವಿಶ್ವವಿದ್ಯಾಲಯ) ಬೋಧಿಸಿದರು. ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಸರ್ಕಾರಿ ಸೇವೆಗೆ ತೆರಳಿ, ಆರಂಭಿಕ ವಿದ್ಯುನ್ಮಾನ ಗಣಕವಾದ ಎನಿಯಾಕ್‌ನ ಕೆಲಸದಲ್ಲಿಯೂ ಭಾಗವಹಿಸಿದರು. ೧೯೬೬ರಿಂದ ೧೯೭೦ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು.

ವಿರೋಧ ಮತ್ತು ಟೈಪುಗಳು

೧೯೩೫ರಲ್ಲಿ ಸ್ಟೀಫನ್ ಕ್ಲೀನಿ ಮತ್ತು ಜೆ. ಬಿ. ರಾಸರ್ ಅವರು ಅಲೋಂಜೊ ಚರ್ಚ್ ಮತ್ತು ಕರ್ರಿ ಇಬ್ಬರ ತರ್ಕವ್ಯವಸ್ಥೆಗಳಲ್ಲಿಯೂ ಆಂತರಿಕ ವಿರೋಧವಿದೆಯೆಂದು ತೋರಿಸಿದರು. ವರ್ಷಗಳ ಶ್ರಮಕ್ಕೆ ಇದು ಪೆಟ್ಟಾಗಿತ್ತು. ಕರ್ರಿ ಆ ವಿರೋಧವನ್ನೇ ಅಧ್ಯಯನ ಮಾಡಿ, ಅದರ ಸರಳ ರೂಪವೊಂದನ್ನು ೧೯೪೨ರಲ್ಲಿ ಪ್ರಕಟಿಸಿದರು. ಅದು ಇಂದು ಕರ್ರಿ ವಿರೋಧಾಭಾಸವೆಂದು ಪ್ರಸಿದ್ಧವಾಗಿದೆ.

ಟೈಪುಗಳ ವಿಷಯದಲ್ಲಿ ಇಬ್ಬರ ಮಾರ್ಗಗಳೂ ಭಿನ್ನ. ಚರ್ಚ್ ಅವರ ೧೯೪೦ರ ಪದ್ಧತಿಯಲ್ಲಿ ಪ್ರತಿಯೊಂದು ಪದವೂ ತನ್ನ ಟೈಪನ್ನು ಹೊತ್ತೇ ಬರುತ್ತದೆ. ಕರ್ರಿಯವರು ೧೯೩೪ರಿಂದ ರೂಪಿಸಿದ ಪದ್ಧತಿಯಲ್ಲಿ ಪದ ಮೊದಲು, ಟೈಪು ಅನಂತರ. ನಿಯಮಗಳ ಮೂಲಕ ಅದನ್ನು ನಿರ್ಣಯಿಸಬೇಕು. ಉದಾಹರಣೆಗೆ, ಕೊಟ್ಟದ್ದನ್ನೇ ಹಿಂದಿರುಗಿಸುವ ಉತ್ಪನ್ನವು ಮೊದಲ ಪದ್ಧತಿಯಲ್ಲಿ ಸಂಖ್ಯೆಗೊಂದು, ಅಕ್ಷರಕ್ಕೊಂದು ಎಂದು ಬೇರೆಬೇರೆಯಾಗುತ್ತದೆ. ಎರಡನೆಯದರಲ್ಲಿ ಒಂದೇ ಉತ್ಪನ್ನಕ್ಕೆ ಎಷ್ಟೋ ಟೈಪುಗಳು ಸಲ್ಲುತ್ತವೆ.

ಟೈಪು ಸಲ್ಲುವ ಪ್ರತಿ ಪದಕ್ಕೂ ಉಳಿದೆಲ್ಲವನ್ನು ಒಳಗೊಳ್ಳುವ ಒಂದು ಪ್ರಧಾನ ಟೈಪು ಉಂಟೆಂದು ರೋಜರ್ ಹಿಂಡ್ಲಿ ೧೯೬೯ರಲ್ಲಿ ಸಾಧಿಸಿದರು. ಅದನ್ನರಿಯದೆ ರಾಬಿನ್ ಮಿಲ್ನರ್ ೧೯೭೮ರಲ್ಲಿ ಎಂಎಲ್ ಭಾಷೆಗಾಗಿ ಇಂತಹುದೇ ವಿಧಾನವನ್ನು ಪ್ರಕಟಿಸಿದರು. ಪ್ರೋಗ್ರಾಮರ್ ಏನನ್ನೂ ನಮೂದಿಸದಿದ್ದರೂ ಇದು ಟೈಪನ್ನು ಕಂಡುಕೊಳ್ಳುತ್ತದೆ. ಸಿ++ ಮತ್ತು ಜಾವಾ ಭಾಷೆಗಳು ಬಹುಕಾಲದ ನಂತರ ಅಳವಡಿಸಿಕೊಂಡ ಸೌಲಭ್ಯವಾದರೋ ಸೀಮಿತವಾದುದು: ಚರಕ್ಕೆ ಕೊಟ್ಟ ಆರಂಭಿಕ ಬೆಲೆಯಿಂದ ಅದರ ಟೈಪನ್ನು ಗ್ರಹಿಸುತ್ತದೆ.

ನಿಧನ ಮತ್ತು ಸ್ಮರಣೆ

ಕರ್ರಿಯವರು ಪೆನ್ಸಿಲ್ವೇನಿಯದ ಸ್ಟೇಟ್ ಕಾಲೇಜ್ ಪಟ್ಟಣದಲ್ಲಿ ನಿಧನರಾದರು. ೧೯೯೦ರಲ್ಲಿ ಮೊದಲ ವಿವರಣೆ ಪ್ರಕಟವಾದ ಹ್ಯಾಸ್ಕೆಲ್ ಭಾಷೆಗೆ ಅವರ ಹೆಸರನ್ನಿಡಲಾಗಿದೆ. ಹಲವು ಆದಾನಗಳ ಉತ್ಪನ್ನವನ್ನು ಏಕ ಆದಾನದ ಉತ್ಪನ್ನಗಳ ಸರಣಿಯಾಗಿಸುವ ಕ್ರಮಕ್ಕೂ, ಶೋನ್‌ಫಿಂಕೆಲ್ ಅದನ್ನು ಮೊದಲೇ ಬಳಸಿದ್ದರೂ, ಕರ್ರಿಯವರ ಹೆಸರೇ ನಿಂತಿದೆ.